ಕರಿಪಟ್ಟಿಯ ಜೇಕು

“ಬೇಕಂತ ಬಿಟ್ಟೀಯೋ, ಕಣ್ಣ ಕಾಣಲಿಲ್ಲೋ? ಅದೊಂದ ಹೇಳು.”

“ಕಣ್ಣು ಛಲೋ ಕಾಣತಾವ. ಬೇಕಂತ ಬಿಟ್ಟೇನಿ.”

“ಕೇಳಿದ್ರೇನ್ರವಾ? ಬಾಯಿ ಬಿಟ್ಟು ಹೇಳಾಕತ್ತಾಳ. ಅಲ್ಲ ಬೇ, ಪಗಾರ ಕೊಡೂದು ಕಸ ತಗ್ಯಾಕೋ, ಬೆಳಸಾಕೋ?”

“ಪಗಾರ ನಿಮ್ಮಪ್ಪನ ಮನ್ಯಾಗಿಂದ ತಂದು ಕೊಟ್ಟಂಗ ಮಾತಾಡಬ್ಯಾಡ ಪರಮಾನಂದಾ.”

ಹೊತ್ತು ಇನ್ನೂ ಮೂಡಿಲ್ಲ. ಬಿಸಿಲು ಏರುವ ಮೊದಲು ಕೆಲಸ ಮುಗಿಸಬೇಕೆಂದು ಹೆಣ್ಣಾಳುಗಳು ನಸುಕಿನಲ್ಲೇ ಬಂದು ಕೂತಿದ್ದಾರೆ. ಬದುವಿನ ಮೇಲೆ ನಿಂತು ಕೂಗುತ್ತಿರುವ ಪರಮಾನಂದ ಈ ಕೃಷಿ ಕಾಲೇಜಿನ ಹೊಲಗಳ ಮೇಲ್ವಿಚಾರಕರು. ಅವರ ಕೈಯಲ್ಲಿ ಬುಡಸಮೇತ ಕಿತ್ತ ಒಂದು ಹಿಡಿ ಜೇಕು, ಬೇರಿನಿಂದ ಕರಿಮಣ್ಣು ಉದುರುತ್ತಿದೆ. ಕೆಳಗೆ ಕುಕ್ಕರುಗಾಲಿನಲ್ಲಿ ಕೂತಿರುವವರು ಕೆಂಪವ್ವ. ಜಗಳ ನಡೆಯುವಾಗಲೂ ಅವರ ಕೈಯ ಕಳೆ ಕೀಳುವ ಕುರಪಿ ನಿಂತಿಲ್ಲ. ಸಾಲಿನಲ್ಲಿರುವ ಉಳಿದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ಒಬ್ಬಾಕೆ ತಡೆಯಲಾರದೆ ಹೇಳುತ್ತಾಳೆ, “ಆ ಮೂಲ್ಯಾಗಿನ ಜೇಕಿಗಿ ಕೈ ಹಚ್ಚಬ್ಯಾಡ್ರಿ ಸಾಹೇಬ್ರ. ಅದು ಕೆಂಪವ್ವತ್ತಿ ಬೀಗರ ಪೈಕಿ.”

“ಬೀಗರಿದ್ರ ಮನಿಗಿ ಕರದು ಉಣ್ಣಾಕ ನೀಡಲಿ. ಇಲ್ಲ್ಯಾಕ ಇಟಗೊಂಡಾಳ?” ಪರಮಾನಂದ ಜೇಕನ್ನು ಬಿಸಾಡುತ್ತಾರೆ. “ಈ ಮೂಲಿ ಸ್ವಚ್ಛ ಆಗಬೇಕು. ಇಲ್ಲಾಂದ್ರ ರಾಜಶ್ರೀ ಮೇಡಂಗ ಹೇಳ್ತೇನಿ.”

“ಹೇಳು. ಅವರು ನನಗ ಬೈಯೂದಿಲ್ಲ, ನಿನಗ ಬೈತಾರ.”

ಅವರು ಕಾಲು ಅಪ್ಪಳಿಸುತ್ತ ಹೋದ ಮೇಲೆ ಕೆಂಪವ್ವ ಎದ್ದು ಆ ಜೇಕನ್ನು ಹುಡುಕಿ ತರುತ್ತಾರೆ. ಬೇರಿನ ಮಣ್ಣನ್ನು ಕಿತ್ತ ಜಾಗದಲ್ಲೇ ಕೊಡವಿ, ಗಡ್ಡೆಗಳನ್ನು ಮುರಿದು ಉಡಿಗೆ ಹಾಕಿಕೊಳ್ಳುತ್ತಾರೆ. ಅದರಲ್ಲೊಂದನ್ನು ಹೆಬ್ಬೆರಳ ಉಗುರಿನಿಂದ ಕೆರೆದು ಮೂಗಿಗೆ ಹಿಡಿದು, ಇಲ್ಲಿನ ಕತೆ ಬರೆಯಲು ಬಂದ ನನ್ನ ಕಡೆಗೂ ಚಾಚುತ್ತಾರೆ. ಕರ್ಪೂರ ಬೆರೆತ ಹಸಿಮಣ್ಣಿನ ವಾಸನೆ.

“ನಮ್ಮೂರು,” ಎನ್ನುತ್ತಾರೆ.

ಜೇಕು ಎಂದರೇನೆಂದು ಹೊಲದಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಪೇಟೆಯವರಿಗಾಗಿ ಹೇಳುತ್ತೇನೆ. ಹುಲ್ಲಿನಂತೆ ಕಾಣುವ ಕಳೆ ಅದು. ಮೇಲೆ ಜಗ್ಗಿದರೆ ಎಲೆ ಕೈಗೆ ಬರುತ್ತದೆ, ನೆಲದೊಳಗೆ ಮಣಿಸರದ ಹಾಗೆ ಪೋಣಿಸಿಕೊಂಡ ಗಡ್ಡೆಗಳು ಹಾಗೆಯೇ ಉಳಿಯುತ್ತವೆ. ಒಂದು ಉಳಿದರೂ ಸಾಕು, ಮಳೆ ಬಿದ್ದ ಮೇಲೆ ಬಳಗವನ್ನೆಲ್ಲ ಕರೆದುಕೊಂಡು ಎದ್ದು ಬರುತ್ತದೆ. ಅದಕ್ಕೆ ಬೈಯದ ರೈತ ಇಲ್ಲ. ಅಂಥ ಜೇಕನ್ನು ತೆಗೆಯುವುದೇ ಕೆಂಪವ್ವನ ದಿನಗೂಲಿಯ ಕೆಲಸ. ಕಾಲೇಜು ಶುರುವಾದಾಗಿನಿಂದ ತೆಗೆಯುತ್ತಲೇ ಇದ್ದಾರೆ. ಹಾಗೆಯೇ ಪ್ರತಿ ವರ್ಷ ಒಂದು ಮೂಲೆಯನ್ನು ಬಿಡುತ್ತಲೂ ಬಂದಿದ್ದಾರೆ.

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ಸೀಮೆಯಲ್ಲಿ ಈ ಕಾಲೇಜಿದೆ. ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. ಕಟ್ಟಡದ ಮೇಲೆ ಹತ್ತಿ ನೋಡಿದರೆ ಸುತ್ತಲೂ ನಸುಗೆಂಪು ಗರಸು ನೆಲ, ಕಲ್ಲು ಆರಿಸಿ ಗುಡ್ಡೆ ಹಾಕಿದ ಬದುಗಳು. ಆ ಕೆಂಪಿನ ನಡುವೆ ಒಂದೇ ಒಂದು ಪಟ್ಟಿ ಮಾತ್ರ ಕಾಡಿಗೆಯ ಹಾಗೆ ಕಪ್ಪು. ಯಾರೋ ನೆಲದ ಮೇಲೆ ಕಂಬಳಿ ಹಾಸಿ ಮರೆತು ಹೋದಂತೆ ಕಾಣುತ್ತದೆ. ಇಲ್ಲಿನವರು ಅದನ್ನು ಕರಿಪಟ್ಟಿ ಎನ್ನುತ್ತಾರೆ. ಕಲಿಯಲು ಬರುವ ಹುಡುಗರು ಮೊದಲ ವಾರ ‘ಇದೇಕೆ ಹೀಗೆ’ ಎಂದು ಕೇಳುತ್ತಾರೆ. ಆಮೇಲೆ ಕೇಳುವುದಿಲ್ಲ.

ಗೇಟಿನ ಒಳಗೆ ಭೂದಾನಿಗಳ ಹೆಸರು ಕೆತ್ತಿದ ಕಲ್ಲು ನಿಲ್ಲಿಸಿದ್ದಾರೆ. ಬಹುಪಾಲು ನೆಲ ಜಮಖಂಡಿಯ ಒಂದು ವ್ಯಾಪಾರಿ ಮನೆತನ ಕೊಟ್ಟದ್ದು. ಅದು ನಿಜ, ಕೊಟ್ಟವರು ದೊಡ್ಡವರೇ. ಆ ಮನೆಯ ಹಿರಿಯರಾದ ಶಿದ್ರಾಮಪ್ಪ ಈಗಲೂ ಪೇಟೆಯ ಅಂಗಡಿಯ ಗಾದಿಯ ಮೇಲೆ ಕೂರುತ್ತಾರೆ. ಕಲ್ಲಿನ ಮೇಲಿನ ಹೆಸರಿನ ಮಾತು ತೆಗೆದರೆ ಅವರೇ ಸಿಟ್ಟಾಗುತ್ತಾರೆ.

“ನಮ್ಮಪ್ಪ ಕೊಟ್ಟಿದ್ದು ಬರೇ ಮಡ್ಡಿ. ಅಲ್ಲೆ ಮೇಯಾಕ ಬಿಟ್ರ ಕುರಿ ನಮಗ ಬೈತಿದ್ದೂ. ಹೊಲ ಅಂತ ಅಲ್ಲೆ ಇದ್ದಿದ್ದು ನಡುವಿನ ಹುಲೆಪ್ಪನ ಪಟ್ಟಿ ಒಂದ. ಅಂವನ ಹೆಸರೂ ಹಾಕ್ರಿ ಅಂತ ಉದ್ಘಾಟನಿ ದಿನಾನ ಹೇಳಿದೆ. ಅಂವ ಮಾರಿದವ, ದಾನ ಕೊಟ್ಟವ ಅಲ್ಲ ಅಂದ್ರು. ಮಾರೂದು ಸಣ್ಣದು, ಕೊಡೂದು ದೊಡ್ಡದು. ಆಗಲಿ. ಉಣ್ಣಾಕ ಇದ್ದವ ಕೊಡತಾನ, ಇಲ್ಲದವ ಮಾರತಾನ. ಇದನ್ನ ಯಾರೂ ಕಲ್ಲಿನ ಮ್ಯಾಲ ಕೆತ್ತೂದಿಲ್ಲ ನೋಡ್ರಿ.”

ಹುಲೆಪ್ಪ ಎಂದರೆ ಕೆಂಪವ್ವನ ಗಂಡ. ತೀರಿಕೊಂಡು ಕೆಲವು ವರ್ಷಗಳಾದವು. ಮಾರಿದವನ ಹೆಸರು ಕಲ್ಲಿಗೆ ಬರುವುದಿಲ್ಲ ಎನ್ನುವುದನ್ನು ಒಪ್ಪೋಣ. ಆದರೆ ಅವನು ಮಾರಿದ್ದು ನೆಲ. ಆ ನೆಲದ ಮೇಲಿನ ಮಣ್ಣು ಎಲ್ಲಿಂದ ಬಂತು ಎನ್ನುವುದನ್ನು ಕೆಂಪವ್ವನಿಂದಲೇ ಕೇಳಬೇಕು.

ಹೊತ್ತೇರಿದಾಗ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ನನ್ನ ಕೈಗೂ ಒಂದು ರೊಟ್ಟಿ ಇಟ್ಟು ಹೇಳುತ್ತಾರೆ.

“ಗಲಗಲಿ ಕೆಳಗ, ಹೊಳಿ ದಂಡ್ಯಾಗ ನಮ್ಮೂರು. ಈಗ ಹಳೆ ಊರು ಅಂತಾರ. ಡ್ಯಾಮಿನ ನೀರು ಬರತೈತಿ, ಏಳ್ರಿ ಅಂದ್ರು. ಎಲ್ಲಾರೂ ತಮ್ಮ ತಮ್ಮ ಬಾಗಲಾ, ತೊಲಿ, ಹಂಚು ಬಿಚ್ಚಿ ಹೇರಾಕತ್ರು. ನನ್ನ ಮಗ ದುರಗೇಶನ ಅಪ್ಪ ಮನಿ ಕಡೆ ತಿರುಗಿ ನೋಡಲಿಲ್ಲ. ಹೊಲಕ್ಕ ಹೋಗಿ ಸಲಿಕಿ ಹಚ್ಚಿದ. ಹೆಂಗೂ ಮುಳುಗೂ ಮಣ್ಣು, ಹೊಳಿಗ್ಯಾಕ ಬಿಡೂದು ಅಂದ.”

ಪರಿಹಾರದ ಹಣದಲ್ಲಿ ಹುಲೆಪ್ಪ ಕೊಂಡದ್ದು ಈ ಮಡ್ಡಿಯ ಒಂದು ಪಟ್ಟಿ. ಅಗ್ಗಕ್ಕೆ ಸಿಕ್ಕಿದ್ದೇ ಅದು. ಅದರ ಮೇಲೆ ಒಂದು ಹುಲ್ಲುಕಡ್ಡಿಯೂ ಏಳುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಸಮೀರವಾಡಿ ಕಾರ್ಖಾನೆಯ ಹಂಗಾಮು ಮುಗಿದು ಕಬ್ಬು ಹೇರುವ ಟ್ರ್ಯಾಕ್ಟರುಗಳು ಖಾಲಿ ನಿಂತಿದ್ದವು. ಡೀಸೆಲ್ ಹಾಕಿಸಿದರೆ ಬರುತ್ತೇವೆ ಎಂದರು ಚಾಲಕರು. ಗಂಡ ಹೆಂಡತಿ ಅಗೆದರು, ಟ್ರ್ಯಾಕ್ಟರು ಹೊತ್ತವು. ಹೊಳೆದಂಡೆಯ ಎರೆಮಣ್ಣು ಮಡ್ಡಿಯ ಮೇಲೆ ಬಂದು ಬಿತ್ತು.

“ಆಳು ಇಳಿದು ನಿಂತ್ರ ತೆಲಿ ಕಾಣಬಾರದು, ಅಷ್ಟು ಆಳ ತಗದ್ವಿ. ಊರ ಮಂದಿ ನೋಡಾಕ ಬರತಿದ್ರು. ಹುಲೆಪ್ಪ ಭಾಳ ಶಾಣ್ಯಾ ಅಂದ್ರು. ಹುಟ್ಟಿದಾಗಿಂದ ಅಂವಗ ಯಾರೂ ಶಾಣ್ಯಾ ಅಂದಿದ್ದಿಲ್ಲ. ಎದಿ ಉಬ್ಬಿಸಿಕೊಂಡು ಇನ್ನೊಂದು ಮೊಳ ತಗದ.” ಕೆಂಪವ್ವ ನಗುತ್ತಾರೆ. “ಇಲ್ಲೆ ಹಾಸಿ ಮುಗಿಸಿದ್ವಿ. ಮಳಿ ಬಿತ್ತು. ಮೊದಲ ಎದ್ದಿದ್ದು ಜ್ವಾಳ ಅಲ್ಲ, ಜೇಕು. ಅಂವ ತೆಲಿ ಬಡಕೊಂಡ, ಇಷ್ಟು ದೂರ ಹೊತ್ತು ತಂದಿದ್ದು ಇದನ್ನೇನು ಅಂತ. ನಾ ಒಂದು ಗಡ್ಡಿ ಕಿತ್ತು ಮೂಸಿದೆ. ಅಲ್ಲೀತನಾ ನನಗ ಅಳು ಬಂದಿದ್ದಿಲ್ರಿ. ಮನಿ ಬಿದ್ದಾಗ ಬರಲಿಲ್ಲ, ಊರು ಬಿಟ್ಟಾಗ ಬರಲಿಲ್ಲ. ಅವತ್ತ ಬಂತು.”

ಹಳೆ ಊರಿನ ಹೆಂಗಸರು ಜೇಕಿನ ಗಡ್ಡೆ ಒಣಗಿಸಿ ಸೀಗೆಕಾಯಿಯ ಜೊತೆ ಕುಟ್ಟಿ ತಲೆಗೆ ಹಚ್ಚಿಕೊಳ್ಳುತ್ತಿದ್ದರು. ಸೀರೆಯ ಟ್ರಂಕಿನಲ್ಲಿ ಎರಡು ಗಡ್ಡೆ ಹಾಕಿಡುತ್ತಿದ್ದರು. ಹೊಳೆಗೆ ಹೋದರೆ ದಂಡೆಯಲ್ಲಿ ಕೈಗೆ ಸಿಗುತ್ತಿತ್ತು, ಹುಡುಕಬೇಕಾಗಿರಲಿಲ್ಲ. ಈಗ ಸಿಕ್ಕುವುದು ಈ ಕರಿಪಟ್ಟಿಯಲ್ಲಿ. ಕಾಲೇಜಿನ ಬೇರೆ ಹೊಲಗಳಲ್ಲಿ ಹುಡುಕಿದರೂ ಇಲ್ಲ ಎನ್ನುವಷ್ಟು ಕಡಿಮೆ.

ಕೆಲವು ಸುಗ್ಗಿ ಕಂಡ ಮೇಲೆ ಕಾಲೇಜು ಬಂತು. ಸುತ್ತಲಿನ ಮಡ್ಡಿಯೆಲ್ಲ ದಾನವಾಗಿ ಹೋಯಿತು. ನಡುವೆ ಹುಲೆಪ್ಪನ ಪಟ್ಟಿ ಉಳಿಯಿತು, ಸುತ್ತ ಬೇಲಿ ಬಿತ್ತು. ಚಕ್ಕಡಿ ಹೊಡೆದುಕೊಂಡು ಹೋಗಲು ದಾರಿ ಕೇಳುತ್ತ ತಿರುಗುವುದೇ ಒಂದು ಉದ್ಯೋಗವಾಯಿತು. ಹಿರಿಯರು ಕೂಡಿಸಿ ಹೇಳಿದರು: ಕೊಟ್ಟುಬಿಡು, ಮಗನಿಗೆ ನೌಕರಿ ಕೊಡಿಸುತ್ತೇವೆ. ಮಾತು ತಪ್ಪಲಿಲ್ಲ. ದುರಗೇಶ ಇವತ್ತು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕ. ಕಾಯಂ ನೌಕರಿ, ವಾಸಕ್ಕೆ ಕ್ವಾರ್ಟರ್ಸು. ಕಾಲೇಜಿನವರು ಮೋಸ ಮಾಡಿದರು ಎಂದು ಬರೆದರೆ ಓದುವವರಿಗೆ ರುಚಿ ಹತ್ತೀತು, ಆದರೆ ಅದು ಸುಳ್ಳು. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಹಾಗಿದ್ದರೂ ಈ ಹೆಂಗಸಿನ ಕೈಯಿಂದ ಏನೋ ಜಾರಿ ಹೋಗಿದೆ, ಅದು ಏನು ಎಂದು ನೋಡಲು ಹೊಳೆಯ ದಂಡೆಗೇ ಹೋಗಬೇಕು.

ಒಂದು ಭಾನುವಾರ ಅವರ ಜೊತೆ ಹೋಗುತ್ತೇನೆ. ಗಲಗಲಿಯಲ್ಲಿ ಬಸ್ಸಿಳಿದು, ಜಾಲಿಮುಳ್ಳಿನ ನಡುವೆ ಕಾಲುದಾರಿ ಹಿಡಿದರೆ ಹಿನ್ನೀರು. ಮೇ ತಿಂಗಳು. ನೀರು ಹಿಂದೆ ಸರಿದು ಹಳೆ ಊರಿನ ಹೊಲಗಳು ಹೊರಗೆ ಬಂದಿವೆ. ಬದುವಿನ ಕಲ್ಲುಗಳು ಅಲ್ಲಲ್ಲೇ ಇವೆ, ಬಾವಿಯ ಕಟ್ಟೆ ಇದೆ, ಊರ ಬಾಗಿಲಿನ ಒಂದು ಕಂಬ ಇದೆ. ತೇವ ಆರುವ ಮೊದಲು ಸೌತೆ, ಕಲ್ಲಂಗಡಿ ಹಾಕಿದವರು ನೆಲದ ಮೇಲೆ ಬಗ್ಗಿದ್ದಾರೆ. ಕಾಗದದ ಮೇಲೆ ಈ ನೆಲ ಅವರದಲ್ಲ, ಪರಿಹಾರ ಮುಟ್ಟಿ ಎಷ್ಟೋ ಕಾಲವಾಯಿತು. ಆದರೂ ನೀರು ಇಳಿದ ಮೇಲೆ ಪ್ರತಿಯೊಬ್ಬನೂ ಬಂದು ನಿಲ್ಲುವುದು ಅಪ್ಪನ ಹೊಲದ ಬದುವಿನ ಮೇಲೇ.

ಈ ಹೊಲಗಳ ನಡುವೆ ಒಂದು ಕೊಳವಿದೆ. ಅದರಲ್ಲಿ ನಾಲ್ಕಾರು ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟು ಮಲಗಿವೆ, ದಂಡೆಯಲ್ಲಿ ಬೆಳ್ಳಕ್ಕಿಗಳು.

“ಇದ್ರಿ,” ಎನ್ನುತ್ತಾರೆ ಕೆಂಪವ್ವ. “ಇದ ನಮ್ಮ ಹೊಲ.”

ನನಗೆ ತಿಳಿಯಲು ತುಸು ಹೊತ್ತು ಬೇಕಾಗುತ್ತದೆ. ಎಲ್ಲರ ಹೊಲವೂ ಬೇಸಿಗೆಯಲ್ಲಿ ಮೇಲೆ ಬರುತ್ತದೆ. ಮಣ್ಣು ತೆಗೆದ ಈ ಒಂದು ಹೊಲ ಮಾತ್ರ ತಗ್ಗಾಗಿ, ನೀರು ಕಟ್ಟಿಕೊಂಡು ಒಳಗೇ ಉಳಿಯುತ್ತದೆ. ಊರಲ್ಲೆಲ್ಲ ಶಾಣ್ಯಾ ಎನಿಸಿಕೊಂಡ ಹುಲೆಪ್ಪ ಮಾಡಿದ ಕೆಲಸ ಇದು.

“ಮುಳುಗತೈತಿ ಅಂದ್ರ ಮುಳುಗೇ ಹೋಗತೈತಿ ಅಂತ ತಿಳಕೊಂಡಿದ್ವಿ. ಬ್ಯಾಸಿಗ್ಯಾಗ ನೀರು ಹೊಳ್ಳಿ ಹೋಗತೈತಿ, ನಿಮ್ಮ ಹೊಲ ನಿಮಗ ಕಾಣತೈತಿ ಅಂತ ಯಾರೂ ಹೇಳಲಿಲ್ಲ. ಮೊದಲ ಬ್ಯಾಸಿಗಿಗಿ ಬಂದು ನೋಡಿದ್ವಿ. ಎಲ್ಲಾರೂ ತಮ್ಮ ತಮ್ಮ ಹೊಲ್ದಾಗ ಕುಂತು ರೊಟ್ಟಿ ತಿನ್ನಾಕತ್ತಿದ್ರು. ನಾವು ದಂಡಿ ಮ್ಯಾಲ ನಿಂತಿದ್ವಿ. ಅಂವ ಮುಂದಿನ ವರ್ಷದಿಂದ ಬರಾಕ ಒಲ್ಲೆ ಅಂದ. ನಾ ಒಬ್ಬಾಕಿನ ಬರತೇನಿ.”

ಪಕ್ಕದ ಹೊಲದಲ್ಲಿ ಸೌತೆಬಳ್ಳಿ ನೋಡುತ್ತಿದ್ದ ಗುರುಸಿದ್ದ ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತ ಬರುತ್ತಾರೆ. ಹಳೆ ಊರಲ್ಲಿ ಬದುವಿಗೆ ಬದು ಹತ್ತಿದ ನೆರೆಯವರು.

“ಬಂದಿಯಾ ಕೆಂಪಕ್ಕಾ? ಈ ವರ್ಷಾನೂ ನಿನ್ನ ಹೊಲ ಬಂದಿಲ್ಲ ನೋಡು. ಕಾಲೇಜ ಕಲ್ಯಾಕ ಹೋಗಿದ್ದು ಅಲ್ಲೇ ಉಳೀತು.”

“ಬರತೈತಿ ತಗೋ. ಭಾಳ ಕಲಿಯೂದೈತಂತ.”

“ನಮ್ಮ ಎಮ್ಮಿ ಮಾತ್ರ ಹುಲೆಪ್ಪಣ್ಣನ್ನ ದಿನಾ ನೆನಸತಾವ. ಪುಣ್ಯಾತ್ಮ, ತಂಪು ಮಾಡಿಟ್ಟು ಹೋದ ಅಂತ.”

“ನೆನಸಲಿ. ನೀ ನೆನಸೂದಿಲ್ಲ, ಅವಾದ್ರೂ ನೆನಸಲಿ.”

ಇಬ್ಬರೂ ನಗುತ್ತಾರೆ. ವರ್ಷವೂ ಆಡುವ ಮಾತು ಇರಬೇಕು, ಎಲ್ಲಿ ನಗಬೇಕು ಎನ್ನುವುದು ಇಬ್ಬರಿಗೂ ಗೊತ್ತು. ಆಮೇಲೆ ಕೆಂಪವ್ವ ಕೇಳುತ್ತಾರೆ, “ದಂಡ್ಯಾಗ ಜೇಕು ಎಲ್ಲ್ಯಾರ ಕಾಣತೈತೇನೋ?”

“ಜೇಕು? ಅದು ಯಾವಾಗೋ ಸತ್ತು ಹೋತು. ವರ್ಷದಾಗ ಅಷ್ಟು ತಿಂಗಳ ನೀರಾಗ ಇದ್ರ ಏನ ಉಳೀತೈತಿ? ನಮಗಂತೂ ಪೀಡಾ ಹೋದಂಗ ಆತು. ಆದ್ರ ದಂಡಿ ನಿಂದ್ರವಲ್ದು. ಮೊದಲ ಹೊಳಿ ಬಂದು ಹೋದ್ರ ಗೇಣುದ್ದ ಹೂಳು ಬಿಟ್ಟು ಹೋಗತಿತ್ತು. ಈಗ ಇದ್ದಿದ್ದನ್ನೂ ಕೊಚಗೊಂಡು ಹೋಗತೈತಿ.”

ಕೆಂಪವ್ವ ಸೀರೆ ಎತ್ತಿ ಕಟ್ಟಿ, ನೀರಿಗೆ ಒಂದು ಕಾಲು ಇಡುತ್ತಾರೆ. ಪಾದದಿಂದ ತಡವಿ ತಡವಿ ನೆಲ ಹುಡುಕುತ್ತಾರೆ. ಮೊಣಕಾಲಿನವರೆಗೆ ಇಳಿದರೂ ನೆಲ ಸಿಕ್ಕಂತೆ ಕಾಣುವುದಿಲ್ಲ. ಒಂದು ಎಮ್ಮೆ ತಲೆ ಎತ್ತಿ ನೋಡಿ ಮತ್ತೆ ಮುಳುಗುತ್ತದೆ. ಕಾಲು ಹಿಂತೆಗೆದುಕೊಂಡು, ಹಸಿ ಕಾಲಿನಲ್ಲೇ ಬಸ್ಸಿನ ದಾರಿ ಹಿಡಿಯುತ್ತಾರೆ.

ಇಷ್ಟೆಲ್ಲ ಇಂದಿನ ಜಗಳಕ್ಕೆ ಏಕೆ ಬೇಕು ಎಂದರೆ, ಕರಿಪಟ್ಟಿಯ ಮೇಲೆ ಈಗ ಬೀಜದ ಗೋದಾಮು ಏಳಲಿದೆ. ಇದೇ ಜಾಗ ಏಕೆ ಎನ್ನುವುದಕ್ಕೆ ಮಣ್ಣಿನ ಪಾಠ ಹೇಳುವ ರಾಜಶ್ರೀ ಮೇಡಂ ಬಳಿ ಉತ್ತರವಿದೆ. “ಕರಿಪಟ್ಟಿಯಲ್ಲಿ ಕುಸುಬಿ ಹಾಕಿದರೂ ಬರುತ್ತದೆ, ಕಡಲೆ ಹಾಕಿದರೂ ಬರುತ್ತದೆ. ಪಕ್ಕದ ಗರಸಿನಲ್ಲಿ ಅದೇ ಬೀಜ ಒಣಗುತ್ತದೆ. ಈ ಮಣ್ಣು ಈ ನೆಲದ್ದಲ್ಲ. ಇಲ್ಲಿನ ಬೆಳೆ ನೋಡಿ ಮಡ್ಡಿಯ ರೈತನಿಗೆ ನೀನೂ ಇದನ್ನೇ ಹಾಕು ಎಂದರೆ ಅವನ ಮನೆ ಹಾಳು. ಪ್ರಯೋಗಕ್ಕೆ ಬಾರದ ಜಾಗವೆಂದು ನಾನೇ ಬರೆದುಕೊಟ್ಟೆ.” ಅವರ ಮಾತಿನಲ್ಲಿ ತಪ್ಪಿಲ್ಲ.

ಮಣ್ಣನ್ನು ಬಿಸಾಡುವುದು ಬೇಡ, ಕೆರೆದು ತೆಗೆದು ಕಾಲೇಜಿನ ಸಸಿತೋಟಕ್ಕೆ ಹಾಕಿಸೋಣ ಎಂದು ಹೋರಾಡಿದವರೂ ಇದೇ ಮೇಡಂ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಾಲ್ಕೂ ತಾಲೂಕಿನ ರೈತರು ಇಲ್ಲಿಂದ ಸಸಿ ಒಯ್ಯುತ್ತಾರೆ. ಆದರೆ ಸಸಿತೋಟದವರು ಒಂದು ಷರತ್ತು ಹಾಕಿದ್ದಾರೆ. ಆ ಮಣ್ಣಿನಲ್ಲಿ ಒಂದು ಜೇಕಿನ ಗಡ್ಡೆಯೂ ಇರಕೂಡದು. ಇದ್ದರೆ ಪ್ರತಿ ಸಸಿಯ ಚೀಲದ ಜೊತೆ ಜೇಕು ನಾಲ್ಕು ತಾಲೂಕಿನ ಹೊಲಗಳಿಗೆ ಹೋಗುತ್ತದೆ. ಅವರ ಮಾತಿನಲ್ಲೂ ತಪ್ಪಿಲ್ಲ. ಜೇಕು ಹೋಗದಿದ್ದರೆ ಮಣ್ಣು ಗುತ್ತಿಗೆದಾರನ ಪಾಲು, ಹೊಸ ರಸ್ತೆಯ ಕೆಳಗೆ ತುಂಬಲು.

ಪರಮಾನಂದರ ಸಿಟ್ಟು ಇದೇ. ಮಳೆಗಾಲ ಹತ್ತಿರ ಬಂತು, ಈಕೆ ಮೂಲೆ ಬಿಟ್ಟುಕೊಂಡು ಕೂತಿದ್ದಾರೆ.

ರಾಜಶ್ರೀ ಮೇಡಂ ಒಂದು ಬೆಳಿಗ್ಗೆ ಕರಿಪಟ್ಟಿಗೆ ಬಂದು, ಚಪ್ಪಲಿ ಬಿಟ್ಟು ಬದುವಿನ ಮೇಲೆ ಕೂರುತ್ತಾರೆ. ಬನಹಟ್ಟಿಯ ಮಗ್ಗದ ಮನೆಯವರು. ಕೆಂಪವ್ವನ ಜೊತೆ ಮಾತಾಡುವಾಗ ಪಾಠದ ಕನ್ನಡ ಬಿಟ್ಟು ಮನೆಯ ಮಾತಿಗೆ ಇಳಿಯುತ್ತಾರೆ.

“ಕೆಂಪವ್ವ, ಏನ್ ಮಾಡೂನು?”

“ಒಂದು ಕೇಳಲೇನ್ರಿ ಮೇಡಂ? ಟ್ರ್ಯಾಕ್ಟರ್ ಅಂತೂ ಬರತಾವ. ಮಣ್ಣು ಅಂತೂ ಹೇರತಾವ. ಸಸಿತೋಟದ ಬದ್ಲಿ ಗಲಗಲಿ ಕಡೆ ಹೊಳ್ಳಸ್ರಿ. ಎಲ್ಲಿಂದ ತಂದೇವೋ ಅಲ್ಲೇ ಹಾಕಿಬಿಟ್ರ ನಮ್ಮ ಹೊಲಾನೂ ಬ್ಯಾಸಿಗ್ಯಾಗ ಮ್ಯಾಲ ಬರತೈತಿ. ನನಗ ಬ್ಯಾರೆ ಏನೂ ಬ್ಯಾಡ.”

ಮೇಡಂ ನಗುವುದಿಲ್ಲ. “ನೀ ಹ್ವಾದ ವಾರ ಪರಮಾನಂದನ ಮುಂದ ಅಂದಿದ್ದು ನನಗ ಮುಟ್ಟೇತಿ. ದೊಡ್ಡವರನ್ನ ಕೇಳಿದೆ. ಅದು ಈಗ ಡ್ಯಾಮಿನ ಜಾಗ ಬೇ. ಅಲ್ಲೆ ಒಂದು ಬುಟ್ಟಿ ಮಣ್ಣು ಸುರವಾಕೂ ನಮಗ ಅಧಿಕಾರ ಇಲ್ಲ.”

“ನೀರು ಸುರವಾಕ ಅಧಿಕಾರ ಇತ್ತಲ್ರಿ ಅವರಿಗಿ.”

ಮೇಡಂ ಬದುವಿನ ಒಂದು ಹೆಂಟೆ ಕೈಗೆತ್ತಿಕೊಳ್ಳುತ್ತಾರೆ. ಆಮೇಲೆ ತಾವೇ ಹೇಳುತ್ತಾರೆ, “ನಮ್ಮ ಮನ್ಯಾಗ ಕುಣಿಮಗ್ಗ ತಗದು ಕರೆಂಟಿನ ಮಗ್ಗ ಕುಂದ್ರಿಸಿದ್ರು. ಆ ಕುಣಿ ಮುಚ್ಚಾಕ ನಮ್ಮಜ್ಜಿ ಬಿಡಲಿಲ್ಲ. ಸಾಯೂತನಾ ಅದರಾಗ ಕಾಲ ಇಳಿಬಿಟಗೊಂಡು ಕುಂದರತಿದ್ಲು. ನಿನಗ ನಾ ಏನ್ ಹೇಳ್ಲಿ? ಮಣ್ಣು ರಸ್ತೆ ಕೆಳಗ ಹೋಗೂದು ನೋಡಾಕ ನನ್ನ ಕೈಲೆ ಆಗೂದಿಲ್ಲ. ಜೇಕು ತಗದ್ರ ಮಣ್ಣು ಉಳೀತೈತಿ. ಜೇಕು ಉಳಿಸಿದ್ರ ಮಣ್ಣು ಹೋಗತೈತಿ. ಎರಡೂ ಉಳಸೂ ದಾರಿ ನನಗ ಗೊತ್ತಿಲ್ಲ.”

“ಜೇಕಿನ ಗಡ್ಡಿ ನೀರಾಗ ಸಾಯತೈತೇನ್ರಿ?”

“ತಿಂಗಳಗಟ್ಟಲೆ ನಿಂತ್ರ ಸಾಯಬಹುದು. ದಂಡಿ ಮ್ಯಾಲ, ನೀರು ಸ್ವಲ್ಪ ದಿನ ಇರೂ ಕಡೆ ಉಳೀಬಹುದು. ಖರೆ ಹೇಳಬೇಕಂದ್ರ ಯಾರೂ ಹಚ್ಚಿ ನೋಡಿಲ್ಲ. ಜೇಕು ಯಾರು ಹಚ್ಚತಾರ?”

ಕೆಂಪವ್ವ ಕುರಪಿಯ ಬಾಯಿಗೆ ಹತ್ತಿದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸುತ್ತಾರೆ.

ಅದೇ ಸಂಜೆ ಕ್ವಾರ್ಟರ್ಸಿನ ಅಂಗಳದಲ್ಲಿ ಮಗನ ಜೊತೆ ಮತ್ತೊಂದು ಸುತ್ತು. ದುರಗೇಶ ಕೆಟ್ಟ ಮಗನಲ್ಲ. ತಾಯಿ ಕೂಲಿಗೆ ಹೋಗುವುದು ಬೇಡವೆಂದು ಸಾರಿ ಸಾರಿ ಹೇಳಿದವನು. ಆದರೆ ನೌಕರಿಯವನಿಗೆ ನೌಕರಿಯ ನಾಚಿಕೆ ಇರುತ್ತದೆ.

“ಇಡೀ ಕಾಲೇಜ ನಗಾಕತ್ತೈತಿ ಯವ್ವಾ. ಒಂದು ಕಸದ ಸಲುವಾಗಿ.”

“ನಿನ್ನ ನೌಕರಿ ಆ ಮಣ್ಣಿಂದ ಬಂದಿದ್ದು ದುರಗ್ಯಾ.”

“ಗೊತ್ತೈತಿ. ಗೇಟ ದಾಟೂಮುಂದ ಒಮ್ಮೆ ಗೊತ್ತಾಗತೈತಿ, ಹೊಳ್ಳಿ ಬರೂಮುಂದ ಒಮ್ಮೆ ಗೊತ್ತಾಗತೈತಿ. ನನಗೇನ ಆ ಪಟ್ಟಿ ಮ್ಯಾಲ ಗೋದಾಮು ಕಟ್ಟೂದು ನೋಡಾಕ ಖುಷಿ ಐತೇನ? ಆದ್ರ ಮಣ್ಣರ ಉಳೀಲಿ ಅಂತೇನಿ. ಅಪ್ಪ ಹೊತ್ತು ತಂದಿದ್ದು ಮಣ್ಣು. ಜೇಕು ತಾನ ಬಂದಿದ್ದು.”

ಕೆಂಪವ್ವ ಮಗನ ಮುಖ ನೋಡುತ್ತಾರೆ. “ಖರೆ,” ಎನ್ನುತ್ತಾರೆ. “ಅಂವ ಮಣ್ಣು ತಂದ. ಜೇಕು ತಾನ ಬಂದಿದ್ದು.”

ಮರುದಿನ ಬೆಳಿಗ್ಗೆ ಅವರು ಬಿಟ್ಟ ಮೂಲೆಗೆ ಕುರಪಿ ಹಚ್ಚುತ್ತಾರೆ. ಉಳಿದ ಹೆಂಗಸರನ್ನು ಹತ್ತಿರ ಬರಗೊಡುವುದಿಲ್ಲ. ಮುಂಗಾರಿಗೆ ಮೊದಲಿನ ಎರಡು ಅಡ್ಡಮಳೆ ಬಿದ್ದು ಮಣ್ಣು ಹದವಾಗಿದೆ. ಮೇಲೆ ಎಲೆ ಹಿಡಿದು, ಕೆಳಗೆ ಕುರಪಿ ಇಳಿಸಿ, ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಹೋದ ನೂಲಿನಂಥ ಬೇರನ್ನು ಹರಿಯದಂತೆ ಹಿಂಬಾಲಿಸುತ್ತಾರೆ. ಬೇರು ಬದುವಿನ ಕೆಳಗೆ ಹೊಕ್ಕರೆ ಬದುವನ್ನೇ ಬಿಡಿಸುತ್ತಾರೆ. ಮಣ್ಣನ್ನು ಕೈಯಲ್ಲಿ ಹುಡಿ ಮಾಡಿ, ಬೆರಳ ಸಂದಿಯಿಂದ ಸೋಸಿ ಕೆಳಗೆ ಬಿಡುತ್ತಾರೆ. ಪಕ್ಕದ ಬುಟ್ಟಿ ತುಂಬುತ್ತ ಬರುತ್ತದೆ. ಎಲೆ ಕತ್ತರಿಸಿದ, ಮಣ್ಣು ಮೆತ್ತಿದ ಕರಿ ಗಡ್ಡೆಗಳು. ಅದರ ಮೇಲೆ ಹಸಿ ಗೋಣಿ ಮುಚ್ಚುತ್ತಾರೆ. ಸುಡಬೇಕಾದ ಕಳೆಯ ಮೇಲೆ ಹಸಿ ಗೋಣಿ ಮುಚ್ಚುವವರನ್ನು ನಾನು ಕಂಡಿಲ್ಲ. ಪರಮಾನಂದರೂ ಕಂಡಿರಲಾರರು. ಅವರು ಎರಡು ಸಲ ಬಂದು ನೋಡಿ ಹೋಗುತ್ತಾರೆ, ಬೈಯಲು ಏನೂ ಸಿಕ್ಕುವುದಿಲ್ಲ.

ಮೂಲೆ ಮುಗಿದ ದಿನ ಪರಮಾನಂದ ಮೊಣಕಾಲೂರಿ ಕೂತು ತಾವೇ ಮಣ್ಣು ಕೆದರಿ ಪರೀಕ್ಷೆ ಮಾಡುತ್ತಾರೆ. ಇಲ್ಲಿ ಒಂದು ಹಿಡಿ, ಅಲ್ಲಿ ಒಂದು ಹಿಡಿ. ಏನೂ ಇಲ್ಲ.

“ಸ್ವಚ್ಛ ಮಾಡೀಯಲ್ಲ ಬೇ,” ಎನ್ನುತ್ತಾರೆ. ಧ್ವನಿಯಲ್ಲಿ ಗೆದ್ದವರ ಸಂತೋಷವಿಲ್ಲ.

“ನನ್ನ ಕೆಲಸ ಅದ ಅಲ್ಲೇನೋ? ಪಗಾರ ತಗೋತೇನಿ.”

ಕೆಂಪವ್ವ ಸಿಂಬಿ ಸುತ್ತಿ ತಲೆಯ ಮೇಲಿಡುತ್ತಾರೆ. ಹೆಂಗಸರಿಬ್ಬರು ಬುಟ್ಟಿ ಎತ್ತಿ ಹೊರಿಸುತ್ತಾರೆ. ಕುರಪಿಯನ್ನು ಪರಮಾನಂದರ ಮುಂದೆ ಬದುವಿನ ಮೇಲೆ ಇಡುತ್ತಾರೆ. ಅದು ಕಾಲೇಜಿನದು.

“ಸುಡೂ ಕುಣಿ ಆ ಕಡೆ ಐತಿ,” ಎಂದು ಪರಮಾನಂದ ಹಿತ್ತಲ ಕಡೆ ಕೈ ತೋರಿಸುತ್ತಾರೆ.

“ಗೊತ್ತೈತಿ.”

“ಮತ್ತ ಈ ಕಡೆ ಎಲ್ಲಿಗಿ ಹೊಂಟಿ?”

“ನಮ್ಮ ಹೊಲ ತುಂಬಸಾಕ. ಮಣ್ಣು ಒಯ್ಯಾಕ ಅಧಿಕಾರ ಇಲ್ಲಂತ. ಜೇಕು ಒಯ್ಯಾಕ ಯಾರ ಅಧಿಕಾರ ಬೇಕು? ದಂಡಿ ಮ್ಯಾಲ ಸುತ್ತ ಹಚ್ಚತೇನಿ. ಹತ್ತಿದ್ರ ಹತ್ತತೈತಿ. ಹೊಳಿ ವರ್ಷಾ ಹೂಳು ತರತೈತಿ, ಬೇರು ಚಾಚಿ ಅದನ್ನ ಹಿಡಿಯಾಕ ಏನರ ಬೇಕಲ್ಲ.”

“ಅದು ತುಂಬೂದ್ರಾಗ ನೀ ಇರತಿಯೇನ್ ಬೇ?”

“ನಾ ಇರಾಕ ಬೇಕಂತ ಯಾರ ಅಂದ್ರು? ಹೊಲ ಇದ್ರ ಸಾಕು.”

ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಬೀಸುತ್ತ ಅವರು ಕರಿಪಟ್ಟಿ ಇಳಿದು ಕೆಂಪು ದಾರಿಗೆ ಬರುತ್ತಾರೆ. ಪ್ರಯೋಗಾಲಯದ ಕಿಟಕಿಯಲ್ಲಿ ದುರಗೇಶ ನಿಂತಿದ್ದಾನೆ. ತಾಯಿ ಅತ್ತ ನೋಡುವುದಿಲ್ಲ, ಅವನೂ ಕೂಗುವುದಿಲ್ಲ. ದಾನಿಗಳ ಕಲ್ಲಿನ ಮುಂದೆ ಹಾದು, ಗೇಟು ದಾಟಿ, ಗಲಗಲಿಯ ಕಡೆ ಹೋಗುವ ಬಸ್ಸು ನಿಲ್ಲುವ ಮರದ ಕೆಳಗೆ ನಿಲ್ಲುತ್ತಾರೆ. ಕಂಡಕ್ಟರ್ ಬುಟ್ಟಿಗೆ ಏನೋ ತಕರಾರು ತೆಗೆಯುವುದು ಇಲ್ಲಿಂದ ಕಾಣುತ್ತದೆ. ಕೆಂಪವ್ವ ಕೈ ಬೀಸಿ ಏನೋ ಹೇಳುತ್ತಾರೆ. ಬಸ್ಸು ಅವರನ್ನು ಹತ್ತಿಸಿಕೊಂಡು ಹೋಗುತ್ತದೆ.

“ನಾಳೆ ಬರತಾಳ ಬಿಡ್ರಿ,” ಎನ್ನುತ್ತಾರೆ ಪರಮಾನಂದ. “ಎಲ್ಲಿ ಹೋಗತಾಳ?”

ಮರುದಿನ ಕೆಂಪವ್ವ ಬರುವುದಿಲ್ಲ. ಟ್ರ್ಯಾಕ್ಟರುಗಳು ಬಂದು ಕರಿಮಣ್ಣು ಹೇರಿ ಸಸಿತೋಟಕ್ಕೆ ಸುರಿಯತೊಡಗುತ್ತವೆ. ಅದರ ಮರುದಿನವೂ ಅವರಿಲ್ಲ. ಅವ್ವ ಗುರುಸಿದ್ದ ಮಾವನ ಮನೆಯಲ್ಲಿ ಉಳಿದಿದ್ದಾಳೆ, ಕರೆಯಲು ಹೋದರೆ ಕೈಗೆ ಸಲಿಕೆ ಕೊಟ್ಟಳು ಎಂದು ದುರಗೇಶ ಹೇಳುತ್ತಾನೆ. ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿದೆ.

ಕರಿಪಟ್ಟಿಯ ಮೂಲೆಗೆ ಟ್ರ್ಯಾಕ್ಟರು ಬರುವ ಮುನ್ನ ಪರಮಾನಂದ ಅದೇ ಕುರಪಿ ಹಿಡಿದು ಅಲ್ಲಿ ಕೂತಿದ್ದಾರೆ. ಇನ್ನೂ ಪರೀಕ್ಷೆಯೇ ಎಂದು ಕೇಳುತ್ತೇನೆ. ಅವರು ಅಲ್ಲಿ ಕೆದರಿ, ಇಲ್ಲಿ ಕೆದರಿ, ಒಂದು ಹಿಡಿ ಮಣ್ಣು ಎತ್ತಿ ಮೂಗಿಗೆ ಹಿಡಿದು, ಕೆಳಗೆ ಬಿಡುತ್ತಾರೆ.

“ಒಂದರ ಗಡ್ಡಿ ಬಿಟ್ಟು ಹೋಗಬೇಕಿತ್ತು ಬೇ,” ಎಂದು ಗೇಟಿನ ಕಡೆ ನೋಡಿ ಬೈಯುತ್ತಾರೆ.